ತನ್ನ ಜಿಗಿತವನ್ನು ತಾನೇ ಕಾಣುವುದು

ತನ್ನ ಬೆನ್ನು ತನಗೆ ಕಾಣದೆಂಬುದು ನಮ್ಮ ಹಿರಿಯರು ಆಗಾಗ ಆಡುತ್ತಿದ್ದ ಮಾತು. ಇದನ್ನು ನಾವು ಸಾಮಾನ್ಯವಾಗಿ ಮನುಷ್ಯನ ಗುಣದೋಷಗಳ ವಿಷಯದಲ್ಲಿ ಉಪಯೋಗಿಸುತ್ತೇವೆ. ಆದರೆ ಶರೀರದ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯವೆಂಬುದನ್ನು ನಾನು ಅರಿತದ್ದು ಅರುವತ್ತು ವರ್ಷಗಳು ಕಳೆದ ಮೇಲೆ. ಓಡುವವನಿಗೆ ತನ್ನ ಓಟವು ಕಾಣದು. ಜಿಗಿಯುವವನಿಗೆ ತನ್ನ ಜಿಗಿತವು ಕಾಣದು. ಕಾಣದಿದ್ದ ಮೇಲೆ ತಿದ್ದಿಕೊಳ್ಳುವ ಬಗೆಯೆಂತು? ಈ ಪ್ರಶ್ನೆಗೆ ಈಗಿನ ಕಾಲವು ಕೊಟ್ಟಿರುವ ಒಂದು ಉತ್ತರವನ್ನು ವಾಚಕ ಮಹಾಶಯರ ಮುಂದಿಡುವುದೂ, ಅದನ್ನು ತಿಳಿಯದೆ ಹಿಂದೆ ನಾನು ಎಸಗಿದ ಒಂದು ತಪ್ಪನ್ನು ಒಪ್ಪಿಕೊಳ್ಳುವುದೂ ಈ ಲೇಖನದ ಉದ್ದೇಶ.

ನಾನು ವಾಸವಾಗಿರುವುದು ಬೆಂಗಳೂರಿನ ಟಿ. ದಾಸರಹಳ್ಳಿಯಲ್ಲಿ. ಒಂದು ಕಡೆ ತುಮಕೂರು ರಸ್ತೆಯ ಎಡೆಬಿಡದ ವಾಹನಸಂಚಾರ, ಅದರ ಮೇಲೆ 2015ರಿಂದ ಓಡುತ್ತಿರುವ ಮೆಟ್ರೊ ರೈಲು, ಹತ್ತಿರದಲ್ಲಿಯೇ ಪೀಣ್ಯದ ಕಾರ್ಖಾನೆಗಳು. ಇಂಥ ಕಡೆಯಲ್ಲಿ ಮಕ್ಕಳಿಗೆ ಓಡಲು ನೆಲ ಸಿಕ್ಕುವುದೇ ಭಾಗ್ಯವೆನ್ನಬೇಕು. ನಮ್ಮ ಬಡಾವಣೆಯ ಒಂದು ಶಾಲೆಯ ಅಂಗಳದ ಮೂಲೆಯಲ್ಲಿ ಮರಳು ತುಂಬಿದ ಒಂದು ಗುಂಡಿಯಿದೆ. ನನ್ನ ಮಗಳ ಮಗಳು ಏಳನೆಯ ತರಗತಿಯಲ್ಲಿ ಓದುವವಳು. ಉದ್ದ ಜಿಗಿತದಲ್ಲಿ ಅವಳಿಗೆ ಬಹಳ ಆಸಕ್ತಿ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಆಯ್ಕೆಯಾಗಬೇಕೆಂದು ಸಂಜೆಯ ವೇಳೆ ಅಭ್ಯಾಸ ಮಾಡುತ್ತಿದ್ದಳು. ಜೊತೆಗೆ ಹೋಗಿ ಕಲ್ಲುಬೆಂಚಿನ ಮೇಲೆ ಕುಳಿತಿರುವುದು ನನ್ನ ಕೆಲಸ.

ಒಂದು ದಿನ ಅವಳ ಜಿಗಿತವನ್ನು ನೋಡಿ ನಾನೆಂದೆ: "ಮಗೂ, ಹಲಗೆಯ ಮೇಲೆ ಕಾಲಿಡುವಾಗ ತಲೆ ಬಗ್ಗಿಸಿ ಕೆಳಗೆ ನೋಡುತ್ತೀಯೆ. ತಲೆಯೆತ್ತು."

"ನಾನು ಕೆಳಗೆ ನೋಡಲೇ ಇಲ್ಲ, ತಾತ."

ಮತ್ತೆ ಜಿಗಿದಳು; ಮತ್ತೆ ಬಗ್ಗಿದಳು. ಮತ್ತೆ ಹೇಳಿದೆ. "ಈ ಸಲ ಖಂಡಿತ ನೋಡಲಿಲ್ಲ. ನೀವು ಸುಮ್ಮನೆ ಹೇಳುತ್ತೀರಿ" ಎಂದಳು. ಕಣ್ಣಿನಲ್ಲಿ ನೀರು ತುಂಬಿತ್ತು.

ಆ ಹೊತ್ತಿಗೆ ಕಾರ್ಖಾನೆಯಿಂದ ಹಿಂದಿರುಗುತ್ತಿದ್ದ ನನ್ನ ಅಳಿಯನು ಅಲ್ಲಿಗೆ ಬಂದನು. ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ಕಡೆಯುವುದು ಅವನ ಉದ್ಯೋಗ. ನಮ್ಮಿಬ್ಬರ ವ್ಯಾಜ್ಯವನ್ನು ಕೇಳಿ ನಕ್ಕು, "ಮಾವ, ನಮ್ಮಲ್ಲಿ ಕಡೆದ ಭಾಗ ಸರಿಯಿದೆಯೋ ಇಲ್ಲವೋ ಎಂದು ಯಾರೂ ವಾದಿಸುವುದಿಲ್ಲ, ಅಳೆದು ನೋಡುತ್ತೇವೆ" ಎಂದು ಹೇಳಿ, ಜೇಬಿನಿಂದ ಮೊಬೈಲನ್ನು ತೆಗೆದು ಅವಳ ಮುಂದಿನ ಜಿಗಿತವನ್ನು ನಿಧಾನಗತಿಯ ವೀಡಿಯೊದಲ್ಲಿ ಸೆರೆಹಿಡಿದನು. ಮೂವರೂ ಒಟ್ಟಿಗೆ ನೋಡಿದೆವು. ಹಲಗೆಗೆ ಎರಡು ಹೆಜ್ಜೆ ಇರುವಂತೆಯೇ ಅವಳ ಗಲ್ಲವು ಎದೆಯ ಕಡೆಗೆ ಇಳಿಯಿತು. ಬೆನ್ನು ಮುಂದಕ್ಕೆ ಬಾಗಿತು. ಕೊನೆಯ ಹೆಜ್ಜೆಯು ಅಗತ್ಯಕ್ಕಿಂತ ಉದ್ದವಾಗಿ, ಊರಿದ ಕಾಲು ವೇಗಕ್ಕೆ ತಡೆಯಾಯಿತು. ಮಗು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಹೌದಲ್ಲ ತಾತ! ಆದರೆ ನನಗೆ ಗೊತ್ತೇ ಆಗಲಿಲ್ಲ" ಎಂದಳು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾರಣವೇನೆಂದರೆ, ಇದೇ ಮಾತನ್ನು ನಾನು ಮೂವತ್ತು ವರ್ಷಗಳ ಹಿಂದೆಯೂ ಕೇಳಿದ್ದೆ.

ಆಗ ನಾನು ಒಂದು ಗ್ರಾಮದ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದೆನು. ದೈಹಿಕ ಶಿಕ್ಷಕರ ಸ್ಥಾನವು ತೆರವಾಗಿದ್ದುದರಿಂದ ಆಟದ ಮೇಲ್ವಿಚಾರಣೆಯೂ ನನ್ನ ಪಾಲಿಗೆ ಬಂದಿತ್ತು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ರೈತನ ಮಗನಿದ್ದ, ಜಿಂಕೆಯಂತೆ ಓಡುತ್ತಿದ್ದ. ಅವನಿಗೂ ಇದೇ ದೋಷ. ನಾನು ಹತ್ತು ಸಲ ಹೇಳಿದೆ. ಹತ್ತು ಸಲವೂ ಅವನು, "ಇಲ್ಲ ಸಾರ್, ನಾನು ಬಗ್ಗಲಿಲ್ಲ" ಎಂದನು. ನನಗೆ ಅದು ಉದ್ಧಟತನವಾಗಿ ತೋರಿತು. ಕಣ್ಣೆದುರಿಗೆ ಕಂಡದ್ದನ್ನು ಇಲ್ಲವೆನ್ನುವವನು ಸುಳ್ಳುಗಾರನಲ್ಲದೆ ಮತ್ತೇನು? ಎಲ್ಲ ಹುಡುಗರ ಮುಂದೆ ಅವನನ್ನು ಹಾಗೆಯೇ ಕರೆದು, ತಂಡದಿಂದ ಹೆಸರನ್ನು ಹೊಡೆದುಹಾಕಿದೆನು. ಅವನು ಮರುದಿನದಿಂದ ಮೈದಾನಕ್ಕೆ ಬರಲಿಲ್ಲ. ಆ ವರ್ಷದ ಕೊನೆಗೆ ಶಾಲೆಯನ್ನೂ ಬಿಟ್ಟನು. ಶಾಲೆ ಬಿಡಲು ಅವನ ಮನೆಯ ಕಷ್ಟವೂ ಕಾರಣವಾಗಿದ್ದಿರಬಹುದು. ಆದರೆ ಮೈದಾನವನ್ನು ಬಿಡಲು ನಾನೇ ಕಾರಣನೆಂಬುದರಲ್ಲಿ ಸಂದೇಹವಿಲ್ಲ.

ಆ ಹುಡುಗನು ಸುಳ್ಳು ಹೇಳಿರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಶರೀರಕ್ಕೆ ತನ್ನ ಚಲನೆ ತಿಳಿಯದೇಕೆ?

ನ್ಯಾಯಶಾಸ್ತ್ರವನ್ನು ಸ್ವಲ್ಪ ಓದಿದವರಿಗೆ ಪ್ರತ್ಯಕ್ಷ, ಶಬ್ದ ಎಂಬ ಪ್ರಮಾಣಗಳ ಪರಿಚಯವುಂಟು. ತಾನೇ ಇಂದ್ರಿಯಗಳಿಂದ ಅರಿತದ್ದು ಪ್ರತ್ಯಕ್ಷ. ನಂಬಿಕೆಗೆ ಅರ್ಹನಾದವನು ಹೇಳಿದ ಮಾತಿನಿಂದ ಅರಿತದ್ದು ಶಬ್ದ. ಗುರುವು ಹೇಳುವ ಮಾತು ಶಿಷ್ಯನಿಗೆ ಶಬ್ದಪ್ರಮಾಣ. ಆದರೆ ಶಿಷ್ಯನ ಶರೀರವು ಅವನಿಗೆ ಬೇರೆಯೇ ಒಂದು ಅನುಭವವನ್ನು ಹೇಳುತ್ತಿರುವಾಗ ಅವನು ಯಾವುದನ್ನು ನಂಬಬೇಕು? ಸ್ವಾನುಭವವನ್ನೇ ನಂಬುವುದು ಸಹಜ.

ಆ ಸ್ವಾನುಭವವು ತಪ್ಪುವುದು ಹೇಗೆ? ನಮ್ಮ ಸ್ನಾಯುಗಳಲ್ಲಿಯೂ ಕೀಲುಗಳಲ್ಲಿಯೂ ಅಂಗಾಂಗಗಳ ನಿಲುವನ್ನು ಮಿದುಳಿಗೆ ತಿಳಿಸುವ ಸೂಕ್ಷ್ಮವಾದ ನರತುದಿಗಳಿವೆ. ಕಣ್ಣು ಮುಚ್ಚಿಕೊಂಡಿದ್ದರೂ ಕೈ ಎಲ್ಲಿದೆಯೆಂದು ನಮಗೆ ತಿಳಿಯುವುದು ಇವುಗಳಿಂದಲೇ. ಆದರೆ ವೇಗದ ಚಲನೆಯಲ್ಲಿ ಈ ಅರಿವು ಮಬ್ಬಾಗಿರುತ್ತದೆ. ಮೇಲಾಗಿ, ಬಹುಕಾಲದಿಂದ ಅಭ್ಯಾಸವಾದ ಭಂಗಿಯೇ ಸರಿಯಾದ ಭಂಗಿಯೆಂದು ತೋರುತ್ತದೆ. ಕೂನು ಹಾಕಿಕೊಂಡು ಕುಳಿತುಕೊಳ್ಳುವ ಅಭ್ಯಾಸವಿರುವವನನ್ನು ನೆಟ್ಟಗೆ ಕೂರಿಸಿ ನೋಡಿ; ತಾನು ಹಿಂದಕ್ಕೆ ವಾಲಿದೆನೆಂದೇ ಅವನು ಹೇಳುವನು. ಅವನ ಮಾತು ಅಸತ್ಯವಲ್ಲ. ಅವನ ಒಳಗಿನ ಅಳತೆಗೋಲು ಮಾತ್ರ ಓರೆಯಾಗಿದೆ.

ಇದರ ಜೊತೆಗೆ ಕಾಲದ ಸಂಕೋಚವೂ ಉಂಟು. ನುರಿತ ಜಿಗಿತಗಾರರ ಕಾಲು ಹಲಗೆಯ ಮೇಲೆ ಇರುವುದು ಒಂದು ಸೆಕೆಂಡಿನ ಎಂಟನೆಯ ಒಂದು ಪಾಲಿನಷ್ಟು ಹೊತ್ತು. ಕಣ್ಣಿನಿಂದ ಕಂಡದ್ದಕ್ಕೆ ಕೈಕಾಲು ಪ್ರತಿಕ್ರಿಯೆ ತೋರಲು ಸುಮಾರು ಐದನೆಯ ಒಂದು ಪಾಲಾದರೂ ಬೇಕು. ಆದಕಾರಣ ಆ ಕ್ಷಣದಲ್ಲಿ ತಿದ್ದಿಕೊಳ್ಳುತ್ತೇನೆಂಬುದು ಆಗದ ಮಾತು. ತಪ್ಪನ್ನು ತಿಳಿಯುವುದು ಮೊದಲು, ತಿದ್ದಿದ ಚಲನೆಯನ್ನು ಅಭ್ಯಾಸದಿಂದ ಮೈಗೂಡಿಸುವುದು ಆಮೇಲೆ, ಇದೊಂದೇ ದಾರಿ.

ಕನ್ನಡಿಯಿಂದ ಮೊಬೈಲಿನವರೆಗೆ

ತನ್ನನ್ನು ತಾನು ಕಾಣುವ ಹಂಬಲ ಮನುಷ್ಯನಿಗೆ ಹೊಸದಲ್ಲ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದರ್ಪಣಸುಂದರಿಯನ್ನು ನೋಡದವರು ವಿರಳ. ಕೈಗನ್ನಡಿಯಲ್ಲಿ ತನ್ನನ್ನು ಕಾಣುತ್ತ ನಿಂತ ಆ ಶಿಲ್ಪವು ಮೂರು ವಿಷಯಗಳನ್ನೂ ನೆನಪಿಗೆ ತರುತ್ತದೆ: ಕನ್ನಡಿಯು ಎಡವನ್ನು ಬಲವಾಗಿ ತೋರಿಸುತ್ತದೆ, ಈಗಿನ ಕ್ಷಣವನ್ನು ಮಾತ್ರ ತೋರಿಸುತ್ತದೆ, ಅದನ್ನು ನೋಡಬೇಕಾದರೆ ಚಲಿಸುತ್ತಿರುವವರು ತಮ್ಮ ದೃಷ್ಟಿಯನ್ನು ಅದರ ಕಡೆಗೇ ಇಡಬೇಕು. ಓಡುತ್ತಿರುವವನಿಗೆ ಕನ್ನಡಿಯಿಂದ ಏನು ಪ್ರಯೋಜನ?

ಚಲನೆಯನ್ನು ಹಿಡಿದು ನಿಲ್ಲಿಸಿ ನೋಡುವ ಉಪಾಯವು ಮೊದಲು ಕೈಗೂಡಿದ್ದು ಕುದುರೆಯ ವಿಷಯದಲ್ಲಿ. ನಾಗಾಲೋಟದಲ್ಲಿ ಕುದುರೆಯ ನಾಲ್ಕು ಕಾಲುಗಳೂ ಏಕಕಾಲದಲ್ಲಿ ನೆಲವನ್ನು ಬಿಡುತ್ತವೆಯೇ ಎಂಬುದು ಹಿಂದೆ ವಿವಾದದ ಸಂಗತಿಯಾಗಿತ್ತು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಹಾದಿಯ ಬದಿಯಲ್ಲಿ 12 ಕ್ಯಾಮೆರಾಗಳನ್ನು ಸಾಲಾಗಿಟ್ಟು, ಓಡುವ ಕುದುರೆಯ ಚಿತ್ರಗಳನ್ನು ಒಂದರ ಹಿಂದೊಂದರಂತೆ ತೆಗೆದನು. ನಾಲ್ಕು ಕಾಲುಗಳೂ ನೆಲ ಬಿಡುವುದು ದಿಟವಾಯಿತು. ಆದರೆ ಅದು ಆಗುವುದು ಚಿತ್ರಕಾರರು ಬರೆಯುತ್ತಿದ್ದಂತೆ ಕಾಲುಗಳು ಹಿಂದೆ ಮುಂದೆ ಚಾಚಿರುವಾಗಲಲ್ಲ, ಹೊಟ್ಟೆಯ ಕೆಳಗೆ ಒಟ್ಟುಗೂಡಿರುವಾಗ. ಶತಮಾನಗಳಿಂದ ಲಕ್ಷಾಂತರ ಜನರು ದಿನವೂ ನೋಡುತ್ತಿದ್ದ ಸಂಗತಿಯು ಒಬ್ಬರಿಗೂ ಸರಿಯಾಗಿ ಕಂಡಿರಲಿಲ್ಲ! ನಾಲ್ಕು ವರ್ಷಗಳ ಬಳಿಕ, 1882ರಲ್ಲಿ, ಫ್ರಾನ್ಸಿನ ಶರೀರಶಾಸ್ತ್ರಜ್ಞನಾದ ಮಾರೆ ಎಂಬಾತನು ಸೆಕೆಂಡಿಗೆ 12 ಚಿತ್ರಗಳನ್ನು ತೆಗೆಯುವ, ಬಂದೂಕಿನ ಆಕಾರದ ಒಂದು ಯಂತ್ರವನ್ನು ನಿರ್ಮಿಸಿದನು.

ಈಗ ನಮ್ಮ ಮನೆಮನೆಯ ಮೊಬೈಲು ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯುತ್ತದೆ. ಅನೇಕ ಮೊಬೈಲುಗಳು ನಿಧಾನಗತಿಯ ವೀಡಿಯೊದಲ್ಲಿ 120 ಅಥವಾ 240 ಚಿತ್ರಗಳನ್ನು ತೆಗೆಯಬಲ್ಲವು. ಕಾಲು ಹಲಗೆಯ ಮೇಲಿರುವ ಎಂಟನೆಯ ಒಂದು ಪಾಲು ಹೊತ್ತಿನಲ್ಲಿ ಮೊದಲನೆಯ ಬಗೆಯಲ್ಲಿ ನಮಗೆ ನಾಲ್ಕೇ ಚಿತ್ರಗಳು ಸಿಕ್ಕಿದರೆ, 240ರ ಬಗೆಯಲ್ಲಿ ಮೂವತ್ತು ಸಿಕ್ಕುತ್ತವೆ. ಬರಿಗಣ್ಣಿಗೆ ಒಂದು ಮಿಂಚಿನಂತಿದ್ದದ್ದು ಓದಬಹುದಾದ ಪುಟವಾಗುತ್ತದೆ.

ಒಂದು ಸೆಂಟಿಮೀಟರಿನ ಬೆಲೆ

ಉದ್ದ ಜಿಗಿತಕ್ಕೂ ನಮ್ಮ ಬೆಂಗಳೂರಿಗೂ ಒಳ್ಳೆಯ ನಂಟುಂಟು. ಕೇರಳದಲ್ಲಿ ಹುಟ್ಟಿ ಬೆಂಗಳೂರನ್ನು ನೆಲೆಯಾಗಿಸಿಕೊಂಡ ಅಂಜು ಬಾಬಿ ಜಾರ್ಜ್ ಅವರು 2003ರಲ್ಲಿ ಪ್ಯಾರಿಸಿನ ವಿಶ್ವ ಅಥ್ಲೆಟಿಕ್ಸ್ ಸ್ಪರ್ಧೆಯಲ್ಲಿ 6.70 ಮೀಟರು ಜಿಗಿದು ಕಂಚಿನ ಪದಕವನ್ನು ಪಡೆದರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಮರುವರ್ಷ ಅಥೆನ್ಸಿನ ಒಲಿಂಪಿಕ್ಸಿನಲ್ಲಿ 6.83 ಮೀಟರು ಜಿಗಿದರು. ಬೆಂಗಳೂರಿನ ಅವರ ಪ್ರತಿಷ್ಠಾನದಲ್ಲಿ ಪಳಗಿದ, ಝಾನ್ಸಿಯ ಶೈಲಿ ಸಿಂಗ್ ಎಂಬ ಹುಡುಗಿಯು 2021ರಲ್ಲಿ ನೈರೋಬಿಯಲ್ಲಿ ನಡೆದ ಇಪ್ಪತ್ತು ವರ್ಷದೊಳಗಿನವರ ವಿಶ್ವ ಸ್ಪರ್ಧೆಯಲ್ಲಿ 6.59 ಮೀಟರು ಜಿಗಿದು ಬೆಳ್ಳಿಯನ್ನು ಗೆದ್ದಳು. ಚಿನ್ನ ಗೆದ್ದ ಸ್ವೀಡನ್ನಿನ ಹುಡುಗಿಯ ಜಿಗಿತವೆಷ್ಟು ಬಲ್ಲಿರಾ? 6.60 ಮೀಟರು! ಒಂದೇ ಸೆಂಟಿಮೀಟರಿನ ಅಂತರ. ಇಂಥ ಕಡೆಯಲ್ಲಿ ಗಲ್ಲವೊಂದು ತಗ್ಗಿದರೂ ಪದಕದ ಬಣ್ಣವೇ ಬದಲಾಗಬಹುದು.

ಹಲಗೆಯ ಅಗಲ 20 ಸೆಂಟಿಮೀಟರು. ಅದನ್ನು ಮೀರಿ ಕಾಲಿಟ್ಟರೆ ಜಿಗಿತವೇ ಲೆಕ್ಕಕ್ಕಿಲ್ಲ. ಬಹಳ ಹಿಂದೆ ಇಟ್ಟರೆ ಅಷ್ಟು ದೂರವು ನಷ್ಟ. ಕಾಲು ಗೆರೆಯನ್ನು ದಾಟಿತೇ ಎಂಬುದನ್ನು ಬಹುಕಾಲ ಹಲಗೆಯ ಮುಂದಿನ ಮೆತ್ತನೆಯ ಜೇಡಿಯಂಥ ವಸ್ತುವಿನ ಮೇಲೆ ಬಿದ್ದ ಗುರುತಿನಿಂದ ನಿರ್ಣಯಿಸುತ್ತಿದ್ದರು. 2021ರ ನವೆಂಬರಿನಿಂದ ಜಾರಿಗೆ ಬಂದ ನಿಯಮದಲ್ಲಿ, ದೊಡ್ಡ ಸ್ಪರ್ಧೆಗಳಲ್ಲಿ ಈ ನಿರ್ಣಯಕ್ಕೆ ವೀಡಿಯೊವನ್ನು ಬಳಸಬೇಕೆಂಬ ಶಿಫಾರಸು ಉಂಟು. ತೀರ್ಪುಗಾರರೇ ತಮ್ಮ ಬರಿಗಣ್ಣನ್ನು ನಂಬದ ಕಾಲದಲ್ಲಿ ಒಬ್ಬ ಸಂಸ್ಕೃತದ ಮೇಷ್ಟ್ರ ಕಣ್ಣೆಷ್ಟರದು!

ಇನ್ನೂ ಒಂದು ಸಂಗತಿಯು ನನ್ನ ಗರ್ವವನ್ನು ಸಂಪೂರ್ಣವಾಗಿ ಇಳಿಸಿತು. ನುರಿತ ಜಿಗಿತಗಾರರ ಹೆಜ್ಜೆಗಳೆಲ್ಲ ಅಳೆದಿಟ್ಟಂತೆ ಒಂದೇ ಸಮನಾಗಿರುತ್ತವೆ, ಅವರು ಹಲಗೆಯ ಕಡೆ ನೋಡಬೇಕಾಗಿಯೇ ಇಲ್ಲ ಎಂಬುದು ಹಿಂದಿನವರ ನಂಬಿಕೆ. ನನ್ನ ನಂಬಿಕೆಯೂ ಅದೇ. ಆದರೆ ಎಡಿನ್‌ಬರೋದ ಡೇವಿಡ್ ಲೀ ಮತ್ತು ಅವರ ಸಂಗಡಿಗರು ಜಿಗಿತಗಾರರ ಓಟವನ್ನು ಚಿತ್ರೀಕರಿಸಿ, ಹೆಜ್ಜೆಹೆಜ್ಜೆಯನ್ನೂ ಅಳೆದು, 1982ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬೇರೆಯೇ ತಿಳಿದುಬಂತು. ಓಟದುದ್ದಕ್ಕೂ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡುತ್ತ ಹೋಗುತ್ತವೆ. ಕೊನೆಯ ಕೆಲವು ಹೆಜ್ಜೆಗಳಲ್ಲಿ ಜಿಗಿತಗಾರನು ಕಣ್ಣಿನ ಆಧಾರದಿಂದಲೇ ಹೆಜ್ಜೆಯನ್ನು ಹಿಗ್ಗಿಸಿ ಕುಗ್ಗಿಸಿ ಹಲಗೆಗೆ ಹೊಂದಿಸಿಕೊಳ್ಳುತ್ತಾನೆ. ಎಂದರೆ, ಬಲ್ಲವರೂ ಹಲಗೆಯನ್ನು ಕಾಣುತ್ತಾರೆ! ದೂರದಿಂದ, ತಲೆಯನ್ನು ತಗ್ಗಿಸದೆ ಕಾಣುತ್ತಾರೆ, ಅಷ್ಟೆ. ನನ್ನ ಹಳೆಯ ಶಿಷ್ಯನು ಹಲಗೆಯನ್ನು ಹುಡುಕಿದ್ದು ದೋಷವಲ್ಲ. ಹುಡುಕುವುದಕ್ಕೆ ಕೊನೆಯ ಗಳಿಗೆಯವರೆಗೆ ಕಾದದ್ದು ದೋಷ. "ನೋಡಬೇಡ" ಎಂದು ಗದರಿಸುವ ಬದಲು "ಮೊದಲೇ ನೋಡಿಬಿಡು" ಎಂದಿದ್ದರೆ ಸಾಕಾಗಿತ್ತು. ಶಿಷ್ಯನ ತಪ್ಪು ಅರ್ಧ. ಗುರುವಿನ ತಪ್ಪು ಒಂದೂವರೆ.

ನೋಡಿದರೆ ಸಾಲದು

ಹೀಗೆಂದ ಮಾತ್ರಕ್ಕೆ ಮಗುವಿನ ಕೈಗೆ ವೀಡಿಯೊವನ್ನು ಕೊಟ್ಟುಬಿಟ್ಟರೆ ವಿದ್ಯೆಯು ತಾನಾಗಿ ಬರುವುದೆಂದು ಯಾರೂ ಭಾವಿಸತಕ್ಕದ್ದಲ್ಲ. 1976ರಲ್ಲಿ ರಾತ್‌ಸ್ಟೈನ್ ಮತ್ತು ಆರ್ನಾಲ್ಡ್ ಎಂಬ ವಿದ್ವಾಂಸರು ಈ ವಿಷಯದಲ್ಲಿ ನಡೆದಿದ್ದ ಐವತ್ತರಷ್ಟು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ಹೊಸಬರು ಬರಿದೆ ನೋಡಿದರೆ ಹೆಚ್ಚಿನ ಫಲವಿಲ್ಲ, ಎಲ್ಲಿ ನೋಡಬೇಕು, ಏನನ್ನು ನೋಡಬೇಕು ಎಂದು ತೋರಿಸುವವರಿದ್ದರೆ ಫಲವುಂಟು ಎಂಬುದು ಅವರಿಗೆ ಕಂಡುಬಂತು. ಕಲಿಯುವವನ ಕಣ್ಣು ತನ್ನ ಬಟ್ಟೆಯ ಮೇಲೆ, ಕೂದಲಿನ ಮೇಲೆ, ಹಿಂದೆ ನಿಂತು ನಗುತ್ತಿರುವ ಗೆಳೆಯರ ಮೇಲೆ ಹರಿಯುತ್ತದೆ. ಆದ್ದರಿಂದ ಶಬ್ದವಿಲ್ಲದ ಪ್ರತ್ಯಕ್ಷವೂ ಕುಂಟು. ಪ್ರತ್ಯಕ್ಷವಿಲ್ಲದ ಶಬ್ದವೂ ಕುರುಡು. ಎರಡೂ ಕೂಡಿದಲ್ಲಿ ಕಲಿಕೆ.

ಎರಡನೆಯ ಎಚ್ಚರಿಕೆ, ಅತಿಯಾಗಿ ತೋರಿಸಬಾರದೆಂಬುದು. ಪ್ರತಿಯೊಂದು ಜಿಗಿತಕ್ಕೂ ಚಿತ್ರವನ್ನು ತೋರಿಸಿ ತೀರ್ಪನ್ನು ಹೇಳುತ್ತಿದ್ದರೆ, ಕಲಿಯುವವನು ತನ್ನ ಶರೀರದ ಮಾತನ್ನು ಕೇಳುವುದನ್ನೇ ಬಿಟ್ಟುಬಿಡುತ್ತಾನೆ. ಜನೆಲ್ ಮೊದಲಾದವರು 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ರೂಢಿಯಿಲ್ಲದ ಕೈಯಿಂದ ಚೆಂಡನ್ನು ಎಸೆಯಲು ಕಲಿಯುವವರ ಪೈಕಿ, ತಮಗೆ ಬೇಕೆನಿಸಿದಾಗ ಮಾತ್ರ ವೀಡಿಯೊವನ್ನು ಕೇಳಿ ನೋಡಿದವರು ಇತರರಿಗಿಂತ ಚೆನ್ನಾಗಿ ಕಲಿತರು. ಹಸಿದಾಗ ಉಂಡದ್ದು ಮೈಗೆ ಹತ್ತುವಂತೆ, ಕೇಳಿದಾಗ ಕಂಡದ್ದು ಮನಸ್ಸಿಗೆ ಹತ್ತುತ್ತದೆ.

ಗೃಹಸ್ಥರಿಗೆ ಕೆಲವು ಸೂಚನೆಗಳು

ಓಟ, ಜಿಗಿತ, ಚೆಂಡೆಸೆತ, ಯೋಗಾಸನ, ನೃತ್ಯ ಯಾವುದೇ ಇರಲಿ, ಮನೆಯವರು ಅನುಸರಿಸಬಹುದಾದ ಕ್ರಮವನ್ನು ನಮ್ಮ ಅನುಭವದಿಂದ ಹೇಳುತ್ತೇನೆ.

ಮೊಬೈಲನ್ನು ಕೈಯಲ್ಲಿ ಹಿಡಿದು ಮಗುವಿನ ಹಿಂದೆ ತಿರುಗಿಸಬಾರದು. ಸ್ಟೂಲಿನ ಮೇಲೋ ಇಟ್ಟಿಗೆಗಳ ಮೇಲೋ, ಮಗುವಿನ ಸೊಂಟದ ಎತ್ತರಕ್ಕೆ ಅಲುಗಾಡದಂತೆ ನಿಲ್ಲಿಸಬೇಕು. ಓಡುವ ದಾರಿಗೆ ನೇರ ಪಕ್ಕದಿಂದ ನೋಡುವಂತಿರಬೇಕು. ಓರೆಯಾಗಿಟ್ಟರೆ ಕೋನಗಳೆಲ್ಲ ಸುಳ್ಳಾಗಿ ಕಾಣುತ್ತವೆ. ತಲೆಯಿಂದ ಪಾದದವರೆಗೆ ಇಡೀ ಶರೀರವು ಚೌಕಟ್ಟಿನೊಳಗೆ ಬರುವಷ್ಟು ದೂರವಿರಲಿ. ನಿಧಾನಗತಿಯ ವೀಡಿಯೊಕ್ಕೆ ಬೆಳಕು ಹೆಚ್ಚು ಬೇಕಾದುದರಿಂದ ಹಗಲೇ ಒಳ್ಳೆಯದು. ಮೊಬೈಲನ್ನಿಟ್ಟ ಜಾಗಕ್ಕೆ ನೆಲದಲ್ಲಿ ಗುರುತು ಮಾಡಿಟ್ಟು, ಮುಂದಿನ ವಾರವೂ ಅಲ್ಲಿಯೇ ಇಟ್ಟರೆ ಮಾತ್ರ ಹಿಂದಿನದಕ್ಕೂ ಇಂದಿನದಕ್ಕೂ ಹೋಲಿಕೆ ಸಾಧ್ಯ.

ನೋಡುವ ಮೊದಲು "ನಿನಗೆ ಹೇಗೆ ಅನ್ನಿಸಿತು?" ಎಂದು ಮಗುವನ್ನೇ ಕೇಳಬೇಕು. ನೋಡಿದ ಮೇಲೆ "ಏನು ಕಂಡಿತು?" ಎಂದು ಕೇಳಬೇಕು. ಹಿರಿಯರ ಮಾತು ಮೂರನೆಯದಾಗಿರಲಿ. ಒಂದು ಸಲಕ್ಕೆ ಒಂದೇ ದೋಷ. ಅದು ತಿದ್ದುವವರೆಗೆ ಮತ್ತೊಂದರ ಪ್ರಸ್ತಾಪ ಬೇಡ. ಚೆನ್ನಾಗಿ ಮಾಡಿದ ಜಿಗಿತವನ್ನೂ ತಪ್ಪದೆ ತೋರಿಸಬೇಕು; ತನ್ನಿಂದಲೇ ಸರಿಯಾಗಿ ಆದದ್ದನ್ನು ಕಂಡ ಮಗುವಿಗೆ ಬೇರೆ ಆದರ್ಶವೇಕೆ? ಮೊಣಕಾಲಿನಲ್ಲೋ ಬೆನ್ನಿನಲ್ಲೋ ನೋವು ಕಂಡರೆ ವೀಡಿಯೊವನ್ನು ಮುಚ್ಚಿ ವೈದ್ಯರ ಬಳಿ ಹೋಗಬೇಕು.

ಕೊನೆಯದಾಗಿ, ಆದರೆ ಮುಖ್ಯವಾಗಿ: ಮಗುವಿನ ತಪ್ಪಿನ ಚಿತ್ರವು ಮಗುವಿನ ಸೊತ್ತು. ಅದನ್ನು ವಾಟ್ಸಾಪಿನಲ್ಲಿ ಬಂಧುಮಿತ್ರರಿಗೆ ಕಳುಹಿಸಿ ನಗುವುದು, ನಾನು ಆ ಹುಡುಗನನ್ನು ಎಲ್ಲರೆದುರಿಗೆ ಸುಳ್ಳುಗಾರನೆಂದದ್ದಕ್ಕೆ ಸಮಾನವಾದ ಅಪರಾಧ. ಕೆಲಸ ಮುಗಿದ ಮೇಲೆ ಅಳಿಸಿಬಿಡುವುದೇ ಲೇಸು.

ಉಪಸಂಹಾರ

ನನ್ನ ಮೊಮ್ಮಗಳು ನಾಲ್ಕು ವಾರಗಳ ಕಾಲ ಒಂದೇ ವಿಷಯವನ್ನು ಅಭ್ಯಾಸ ಮಾಡಿದಳು. ಗುಂಡಿಯ ಆಚೆಗೆ ಒಂದು ಹೊಂಗೆಯ ಮರವಿದೆ. ಓಟದ ನಡುವೆಯೇ ಹಲಗೆಯನ್ನು ಕಂಡುಕೊಂಡು, ಕೊನೆಯ ಹೆಜ್ಜೆಗಳಲ್ಲಿ ಆ ಮರದ ಕೊಂಬೆಯ ಕಡೆಗೆ ದೃಷ್ಟಿಯನ್ನಿಡುವುದು ನಾವು ಗೊತ್ತುಮಾಡಿಕೊಂಡ ಕ್ರಮ. ಮೊದಲ ವಾರ ಅವಳು ಹೇಳುವುದಕ್ಕೂ ಚಿತ್ರವು ಹೇಳುವುದಕ್ಕೂ ಸಂಬಂಧವೇ ಇರಲಿಲ್ಲ. ಎರಡನೆಯ ವಾರ ಕೆಲವು ಸಲ ಹೊಂದಿತು. ನಾಲ್ಕನೆಯ ವಾರದ ಒಂದು ಸಂಜೆ, ಮರಳಿನಿಂದ ಎದ್ದವಳೇ, ಮೊಬೈಲಿನ ಕಡೆ ತಿರುಗಿಯೂ ನೋಡದೆ, "ತಾತ, ಈ ಸಲ ಬಗ್ಗಿಬಿಟ್ಟೆ" ಎಂದಳು. ತೆಗೆದು ನೋಡಿದೆವು, ಅವಳೆಂದಂತೆಯೇ ಇತ್ತು. ಅಂದು ಅವಳು ದೂರ ಜಿಗಿಯಲಿಲ್ಲ. ಆದರೂ ನನಗೆ ಅಷ್ಟು ಸಂತೋಷವನ್ನು ಕೊಟ್ಟ ಜಿಗಿತವು ಇನ್ನೊಂದಿಲ್ಲ. ತನ್ನ ತಪ್ಪು ಅವಳಿಗೆ ಒಳಗಿನಿಂದಲೇ ಕಾಣಿಸಿತ್ತು. ಕನ್ನಡಿಯು ಬೇಡವಾಗುವಂತೆ ಮಾಡುವುದೇ ಕನ್ನಡಿಯ ಸಾರ್ಥಕ್ಯವಲ್ಲವೇ?

ಹೋಬಳಿಯ ಸ್ಪರ್ಧೆಯಲ್ಲಿ ಅವಳು ನಾಲ್ಕನೆಯವಳಾದಳು. ಬಹುಮಾನ ಬರಲಿಲ್ಲ, ಅಭ್ಯಾಸವನ್ನೂ ಬಿಟ್ಟಿಲ್ಲ.

ಆ ಹುಡುಗನಿಗೆ ಈಗ ನಲವತ್ತೈದರ ಸುಮಾರು ವಯಸ್ಸಾಗಿರಬೇಕು. ಎಲ್ಲಿರುವನೋ ಅರಿಯೆ. ಅವನ ಮನೆಗೂ ಈ ಪತ್ರಿಕೆಯು ಬರುತ್ತಿರಬಹುದು, ಅವನ ಮಕ್ಕಳೂ ಯಾವುದೋ ಮೈದಾನದಲ್ಲಿ ಓಡುತ್ತಿರಬಹುದು. ಅಪ್ಪಾ, ನೀನು ಅಂದು ಹೇಳಿದ್ದು ನಿಜವಾಗಿತ್ತು. ನೀನು ಬಗ್ಗಿದ್ದು ನನಗೆ ಕಂಡಿತ್ತು. ನಿನಗೆ ಕಾಣದೆಂಬುದು ನನಗೆ ಕಂಡಿರಲಿಲ್ಲ. ನಿನ್ನ ಮಕ್ಕಳು "ನಾನು ಹಾಗೆ ಮಾಡಲಿಲ್ಲ" ಎಂದಾಗ ಗದರಿಸಬೇಡ; ತೋರಿಸು.